ಒಮ್ಮೆ ಬಾಗಿದ, ಒಮ್ಮೆ ಸಪಾಟಾದ ವಿಶ್ವ: ಎಂಎಸ್ಸಿ ಪ್ರಾಜೆಕ್ಟೊಂದರ ಪ್ರಕರಣ ಅಧ್ಯಯನ

ಉಡುಪಿ ಜಿಲ್ಲೆಯ ಒಂದು ಕಾಲೇಜಿನಲ್ಲಿ ಎಂಎಸ್ಸಿ ಭೌತಶಾಸ್ತ್ರದ ಕೊನೆಯ ಸೆಮಿಸ್ಟರಿಗೆ ಇಬ್ಬರು ಸೇರಿ ಒಂದು ಪ್ರಾಜೆಕ್ಟ್ ಹಿಡಿದರು: ದೂರದ ಆಕಾಶಕಾಯಗಳಿಂದ ವಿಶ್ವದ ವಕ್ರತೆ ಅಳೆಯುವುದು. ಫಲಿತಾಂಶ ಎರಡು ಸಲ ತಪ್ಪಾಗಿ ಬಂತು. ಮೊದಲನೆಯ ತಪ್ಪು ಹತ್ತು ದಿನದೊಳಗೆ ಸಿಕ್ಕಿಬಿತ್ತು. ಎರಡನೆಯದು ಐದು ವಾರ ಯಾರ ಕಣ್ಣಿಗೂ ಬೀಳದೆ ಪ್ರಬಂಧದ ಕರಡಿನೊಳಗೆ ಆರಾಮವಾಗಿ ಕೂತಿತ್ತು. ಈ ವ್ಯತ್ಯಾಸ ಯಾಕಾಯಿತು ಎಂಬುದೇ ಇಲ್ಲಿನ ವಿಷಯ. ಗುರುತು ಸಿಗದ ಹಾಗೆ ವಿವರಗಳನ್ನು ಬದಲಿಸಲಾಗಿದೆ. ವಿದ್ಯಾರ್ಥಿನಿ, ವಿದ್ಯಾರ್ಥಿ, ಮಾರ್ಗದರ್ಶಕಿ ಎಂದಷ್ಟೇ ಕರೆಯಲಾಗಿದೆ. ಪ್ರಾಜೆಕ್ಟಿನ ಒಳಗಿನ ಅಂಕೆಗಳನ್ನು ದುಂಡಾಗಿಸಿದೆ; ಪ್ರಕಟಿತ ಅಂಕೆಗಳು ಇದ್ದ ಹಾಗೆಯೇ ಇವೆ.

ದೂರಕ್ಕೇ ಯಾಕೆ ಹೋಗಬೇಕು

ಮಲ್ಪೆಯ ಮರಳಿನ ಮೇಲೆ ನಿಂತವರ ಕಣ್ಣು ನೀರಿನಿಂದ 1.7 ಮೀಟರ್ ಎತ್ತರದಲ್ಲಿದ್ದರೆ ದಿಗಂತ ಸುಮಾರು 4.65 ಕಿ.ಮೀ. ದೂರ. ಸೇಂಟ್ ಮೇರೀಸ್ ದ್ವೀಪ ಸುಮಾರು 6 ಕಿ.ಮೀ. ಆಚೆ. ಅದರ ಬುಡದಲ್ಲಿ ಭೂಮಿಯ ಬಾಗು ಮರೆಮಾಡುವುದು ಬರೇ 14 ಸೆಂ.ಮೀ.; ಒಂದು ಸಣ್ಣ ಅಲೆ ಎದ್ದರೂ ಅದಕ್ಕಿಂತ ಹೆಚ್ಚು ಮರೆಯಾಗುತ್ತದೆ. ಅದೇ 20 ಕಿ.ಮೀ. ಆಚೆ ಇರುವ ಬೋಟಿನ ವಿಷಯದಲ್ಲಿ ನೀರಿನಿಂದ 18 ಮೀಟರಿಗೂ ಹೆಚ್ಚು ಎತ್ತರದವರೆಗೆ ಎಲ್ಲವೂ ಮರೆ. ದೂರ ಹೆಚ್ಚಿದ್ದು ಮೂರು ಪಟ್ಟಿಗಿಂತ ತುಸು ಹೆಚ್ಚು, ಮರೆ ಹೆಚ್ಚಿದ್ದು 130 ಪಟ್ಟು. ಗಾಳಿಯ ವಕ್ರೀಭವನವನ್ನು ಈ ಲೆಕ್ಕದಲ್ಲಿ ಬಿಟ್ಟಿದೆ. ನಿಜವಾದ ಕಡಲಿನಲ್ಲಿ ಅದು ದೂರದ ಬೋಟನ್ನು ತುಸು ಎತ್ತಿ ತೋರಿಸುತ್ತದೆ. ದೂರ ಹೋದಷ್ಟೂ ಬಾಗು ಚೆನ್ನಾಗಿ ಕಾಣುತ್ತದೆ, ನಡುವಿನ ಗಾಳಿಯ ಮೋಸವೂ ಅಷ್ಟೇ ಬೆಳೆಯುತ್ತದೆ.

ವಿಶ್ವದ ವಕ್ರತೆಯೂ ಇದೇ ಜಾತಿಯದು. 1900ರಲ್ಲಿ ಕಾರ್ಲ್ ಶ್ವಾರ್ಜ್‌ಶಿಲ್ಡ್ ನಕ್ಷತ್ರಗಳ ಅಳತೆಗಳನ್ನು ಇಟ್ಟುಕೊಂಡು ಲೆಕ್ಕ ಹಾಕಿದಾಗ ಹೇಳಲು ಸಾಧ್ಯವಾದದ್ದು ಇಷ್ಟೆ: ಅವಕಾಶ (ಸ್ಪೇಸ್) ಕುದುರೆ ಜೀನಿನ ಹಾಗೆ ಬಾಗಿದ್ದರೆ ಅದರ ತ್ರಿಜ್ಯ ಕನಿಷ್ಠ 64 ಜ್ಯೋತಿರ್ವರ್ಷ, ಚೆಂಡಿನ ಹಾಗೆ ಬಾಗಿದ್ದರೆ ಕನಿಷ್ಠ 1600. ಹತ್ತಿರದ ನಕ್ಷತ್ರಗಳಿಂದ ಇನ್ನೂ ಹೆಚ್ಚು ಹಿಂಡಲು ಬರುವುದಿಲ್ಲ.

ಇಂದಿನ ಭಾಷೆಯಲ್ಲಿ ಅಳೆಯುವ ಸಂಖ್ಯೆಯ ಹೆಸರು ಒಮೇಗಾ-ಕೆ. ಸೊನ್ನೆ ಎಂದರೆ ಸಪಾಟು. ಇಲ್ಲಿ ಪ್ರತಿ ಬ್ಯಾಚೂ ಎಡವುವ ಒಂದು ಕಲ್ಲಿದೆ: ಒಮೇಗಾ-ಕೆ ಋಣವಾಗಿದ್ದರೆ ವಕ್ರತೆ ಧನ, ಅಂದರೆ ಚೆಂಡಿನ ಹಾಗೆ ಮುಚ್ಚಿದ ವಿಶ್ವ. ವ್ಯಾಖ್ಯೆಯಲ್ಲೇ ಒಂದು ಮೈನಸ್ ಅಡಗಿದೆ. ಮುಚ್ಚಿದ ವಿಶ್ವದಲ್ಲಿ ದೂರದ ಸೂತ್ರಕ್ಕೆ ತ್ರಿಕೋನಮಿತಿಯ ಸೈನ್ ಬರುತ್ತದೆ, ದೂರ ಕುಗ್ಗುತ್ತದೆ. ಜೀನಿನ ಹಾಗೆ ತೆರೆದ ವಿಶ್ವದಲ್ಲಿ ಹೈಪರ್ಬಾಲಿಕ್ ಸೈನ್ ಬರುತ್ತದೆ, ದೂರ ಹಿಗ್ಗುತ್ತದೆ. ಅದಲುಬದಲಾದರೂ ಪ್ರೋಗ್ರಾಂ ಎಲ್ಲೂ ನಿಲ್ಲುವುದಿಲ್ಲ, ಉತ್ತರದ ಚಿಹ್ನೆ ಮಾತ್ರ ಮಗುಚುತ್ತದೆ.

ಎಷ್ಟು ಸಣ್ಣ ಪರಿಣಾಮವನ್ನು ಹಿಡಿಯಬೇಕಾಗಿದೆ ಎಂದು ಮಾರ್ಗದರ್ಶಕಿ ಮೊದಲ ದಿನವೇ ಕೈಲೆಕ್ಕ ಮಾಡಿಸಿದರು. ಅಳತೆಗೋಲು ಟೈಪ್ 1ಎ ಸೂಪರ್‌ನೋವಾ, ಅಂದರೆ ಹೆಚ್ಚುಕಡಿಮೆ ಒಂದೇ ನಿಜ ಪ್ರಕಾಶದಿಂದ ಸಿಡಿಯುವ ನಕ್ಷತ್ರ; ಎಷ್ಟು ಮಂಕಾಗಿ ಕಾಣುತ್ತದೆ ಎಂಬುದರಿಂದ ದೂರ ಸಿಗುತ್ತದೆ. ಒಮೇಗಾ-ಕೆ 0.1 ಇದ್ದು, ಜ್ಯಾಮಿತಿಯ ಪರಿಣಾಮವನ್ನಷ್ಟೇ ನೋಡಿದರೆ, ಕೆಂಪು ಪಲ್ಲಟ (ವಿಶ್ವ ಹಿಗ್ಗಿದ್ದರಿಂದ ಬೆಳಕಿನ ಅಲೆ ಎಷ್ಟು ಉದ್ದವಾಗಿದೆ ಎಂಬ ಅಳತೆ; ಹೆಚ್ಚಿದಷ್ಟೂ ದೂರ) 0.1ರಲ್ಲಿ ಸೂಪರ್‌ನೋವಾ ಮಂಕಾಗುವುದು 0.0003 ಮ್ಯಾಗ್ನಿಟ್ಯೂಡ್ (ಹೊಳಪಿನ ಅಳತೆ). 0.5ರಲ್ಲಿ 0.007. 1ರಲ್ಲಿ 0.021. 2ರಲ್ಲಿ 0.052. ಒಂದೊಂದು ಟೈಪ್ 1ಎ ಸೂಪರ್‌ನೋವಾದ ಪ್ರಕಾಶ, ಎಲ್ಲ ತಿದ್ದುಪಡಿ ಆದ ಮೇಲೂ, 0.15ರಷ್ಟು ಆಚೀಚೆ ಚದುರಿರುತ್ತದೆ. ಅಂದರೆ ಚದುರುವಿಕೆಯ ಮೂರನೇ ಒಂದು ಪಾಲಿನಷ್ಟು ಸಂಕೇತ ಸಿಗಬೇಕಾದರೂ ಕೆಂಪು ಪಲ್ಲಟ 2ರವರೆಗೆ ಹೋಗಬೇಕು. ಅಷ್ಟು ದೂರದಲ್ಲಿ ಸಿಕ್ಕಿರುವ ಸೂಪರ್‌ನೋವಾಗಳು ಬೆರಳೆಣಿಕೆಯಷ್ಟು. ಈ ನಾಲ್ಕು ಅಂಕೆಗಳನ್ನು ವಿದ್ಯಾರ್ಥಿನಿ ಒಂದು ಚೀಟಿಯಲ್ಲಿ ಬರೆದು ಲ್ಯಾಬಿನ ಮಾನಿಟರಿಗೆ ಅಂಟಿಸಿದ್ದಳು. ಮುಂದೆ ಮೊದಲ ತಪ್ಪನ್ನು ಹಿಡಿದುಕೊಟ್ಟದ್ದು ಆ ಚೀಟಿ.

ಸೂಪರ್‌ನೋವಾ ಮಾತ್ರ ಇದ್ದಾಗ

ವಿಷಯದ ಆಯ್ಕೆಗೆ ಕಾರಣ ಪ್ಲಾಂಕ್ ಉಪಗ್ರಹದ 2018ರ ವಿಶ್ಲೇಷಣೆ. ವಿಶ್ವದ ಹಿನ್ನೆಲೆ ವಿಕಿರಣದ (ವಿಶ್ವದ ಎಳವೆಯಿಂದ ಉಳಿದ ಬೆಳಕಿನ) ತಾಪ ಮತ್ತು ಧ್ರುವೀಕರಣದ ದತ್ತಾಂಶವನ್ನಷ್ಟೇ ತೆಗೆದುಕೊಂಡರೆ ಒಮೇಗಾ-ಕೆ ಸುಮಾರು −0.044, ಅಂದರೆ ಮುಚ್ಚಿದ ವಿಶ್ವದ ಕಡೆ ವಾಲಿಕೆ. ಅದಕ್ಕೆ ಗುರುತ್ವ ಮಸೂರದ ದತ್ತಾಂಶ ಮತ್ತು ಗೆಲಾಕ್ಸಿಗಳ ಹಂಚಿಕೆಯಲ್ಲಿ ಕಾಣುವ ಬೇರಿಯಾನ್ ಧ್ವನಿ ಆಂದೋಲನವನ್ನೂ ಸೇರಿಸಿದರೆ 0.0007, ದೋಷ (ಅನಿಶ್ಚಿತತೆ) 0.0019, ಅಂದರೆ ಸಪಾಟು. ಈ ಎರಡರ ನಡುವೆ ಹಿನ್ನೆಲೆ ವಿಕಿರಣವನ್ನು ಮುಟ್ಟದೆಯೇ ಏನಾದರೂ ಹೇಳಬಹುದೇ ಎಂಬುದು ಇಬ್ಬರ ಪ್ರಶ್ನೆ. ಪ್ರಶ್ನೆ ಒಳ್ಳೆಯದು. ಉತ್ತರಕ್ಕೆ ಬೇಕಾದ ನಿಖರತೆ ಕೈಯಲ್ಲಿರಲಿಲ್ಲ ಎಂಬುದು ಬೇರೆ ಮಾತು.

ದತ್ತಾಂಶ ಪ್ಯಾಂಥಿಯಾನ್ ಪ್ಲಸ್: 18 ಸಮೀಕ್ಷೆಗಳಿಂದ ಕೂಡಿಸಿದ 1550 ಸೂಪರ್‌ನೋವಾಗಳ 1701 ಬೆಳಕಿನ ರೇಖೆಗಳು (ಪ್ರಕಾಶ ದಿನದಿನಕ್ಕೆ ಏರಿ ಇಳಿದ ದಾಖಲೆಗಳು), ಕೆಂಪು ಪಲ್ಲಟ 0.001ರಿಂದ 2.26. ಉಚಿತವಾಗಿ ಇಳಿಸಿಕೊಳ್ಳಬಹುದು. ಜೊತೆಗೆ ಯಾವ ಅಳತೆಯ ದೋಷ ಯಾವುದರೊಡನೆ ಬೆಸೆದುಕೊಂಡಿದೆ ಎಂದು ಹೇಳುವ 1701ಕ್ಕೆ 1701ರ ಕೋವೇರಿಯನ್ಸ್ ಮ್ಯಾಟ್ರಿಕ್ಸ್, ಅಂದರೆ 28,93,401 ಸಂಖ್ಯೆಗಳು. ಫೈಲಿನ ಮೊದಲ ಸಾಲಿನಲ್ಲಿ 1701 ಎಂದಿರುತ್ತದೆ, ಅದನ್ನು ಬಿಟ್ಟು ಓದಬೇಕು. ಟೆಕ್ಸ್ಟ್ ಫೈಲನ್ನು ಪ್ರತಿ ಸಲ ಓದುತ್ತಾ ಕೂರುವ ಬದಲು ಒಮ್ಮೆ ಓದಿ ನಮ್‌ಪೈ ಫೈಲಾಗಿ ಉಳಿಸಿದರೆ ಬರೇ 23 ಎಂಬಿ, ಕಣ್ಣುಮಿಟುಕಿಸುವಷ್ಟರಲ್ಲಿ ತೆರೆಯುತ್ತದೆ. ಎಂಟು ಜಿಬಿ ರ‍್ಯಾಮಿನ ಸಾದಾ ಲ್ಯಾಪ್‌ಟಾಪ್ ಧಾರಾಳ ಸಾಕು.

ಇಲ್ಲಿ ಕೈತಪ್ಪಬಹುದಾದ ಜಾಗಗಳು ಹಲವು. ಕೆಂಪು ಪಲ್ಲಟ 0.01ಕ್ಕಿಂತ ಹತ್ತಿರದವನ್ನು ಬಿಡಬೇಕು: ಅಲ್ಲಿ ವಿಶ್ವದ ಹಿಗ್ಗುವಿಕೆಯ ವೇಗ ಸೆಕೆಂಡಿಗೆ 3000 ಕಿ.ಮೀ., ಗೆಲಾಕ್ಸಿಯ ಸ್ವಂತ ಓಡಾಟವೇ 300 ಇದ್ದರೆ ಶೇ 10ರ ತಪ್ಪು, ಅಂದರೆ 0.2 ಮ್ಯಾಗ್ನಿಟ್ಯೂಡ್. ಬಿಟ್ಟ ಮೇಲೆ 1590 ರೇಖೆಗಳು ಉಳಿಯುತ್ತವೆ. ಆದರೆ ಸಾಲು ಮತ್ತು ಕಂಬಗಳನ್ನು ಕೋವೇರಿಯನ್ಸ್ ಮ್ಯಾಟ್ರಿಕ್ಸಿನಿಂದ ಮೊದಲು ತೆಗೆದು ಆಮೇಲೆ ಇನ್ವರ್ಸ್ ಮಾಡಬೇಕು. ವಿದ್ಯಾರ್ಥಿ ಮೊದಲು ಇನ್ವರ್ಸ್ ಮಾಡಿ ಆಮೇಲೆ ಕತ್ತರಿಸಿದ್ದ. ನೋಡಲಿಕ್ಕೆ ಎರಡೂ ಒಂದೇ ಅಳತೆಯ ಚೌಕ, ಅರ್ಥ ಬೇರೆ. ಹಾಗೆ ಮಾಡಿದರೆ ಬಿಟ್ಟ 111 ರೇಖೆಗಳಲ್ಲಿ ತಪ್ಪೇ ಇಲ್ಲ, ಅವು ಮಾದರಿಗೆ ಪೂರ್ತಿ ಹೊಂದುತ್ತವೆ ಎಂದು ಒಪ್ಪಿಕೊಂಡ ಹಾಗಾಗುತ್ತದೆ. ಎರರ್ ಬಾರ್ (ದೋಷದ ಅಗಲ) ಸುಮ್ಮನೆ ಕಿರಿದಾಗುತ್ತದೆ. ಇನ್ನು, ಮ್ಯಾಟ್ರಿಕ್ಸಿನ ಕರ್ಣದ ಮೇಲಿನ ದೋಷಗಳನ್ನಷ್ಟೇ ಬಳಸುವ ಆಸೆ ಬೇಡ. ದತ್ತಾಂಶದ ಫೈಲಿನಲ್ಲಿ ಅವುಗಳ ಕಂಬ ಇರುವುದು ಗ್ರಾಫ್ ಬಿಡಿಸಲಿಕ್ಕೆ. ಒಂದೇ ಸೂಪರ್‌ನೋವಾವನ್ನು ಎರಡು ಮೂರು ದೂರದರ್ಶಕಗಳು ನೋಡಿದ್ದರೆ ಅದು ಎರಡು ಮೂರು ಸಾಕ್ಷಿ ಆಗುವುದಿಲ್ಲ, ಆ ಸಂಗತಿ ಕರ್ಣದಾಚೆಗಿನ ಅಂಕೆಗಳಲ್ಲಿದೆ.

ದೂರದ ಸೂತ್ರದಲ್ಲಿ ಎರಡು ಕೆಂಪು ಪಲ್ಲಟ ಬೇಕು. ಕೆಂಪು ಪಲ್ಲಟಕ್ಕೆ ಒಂದನ್ನು ಕೂಡಿಸಿ ಹೊರಗೆ ಗುಣಿಸಲು ಸೂರ್ಯಕೇಂದ್ರಿತ ಅಳತೆ. ಸಮಾಕಲನದ ಒಳಗೆ ಗೆಲಾಕ್ಸಿಯ ಸ್ವಂತ ಚಲನೆ ತಿದ್ದಿದ ಅಳತೆ. ಸೂಪರ್‌ನೋವಾದ ನಿಜ ಪ್ರಕಾಶ ಮತ್ತು ಹಬಲ್ ಸ್ಥಿರಾಂಕ (ವಿಶ್ವ ಇಂದು ಹಿಗ್ಗುತ್ತಿರುವ ದರ) ಒಂದಕ್ಕೊಂದು ಬೆಸೆದುಕೊಂಡಿರುವುದರಿಂದ ಅವನ್ನು ಬೇರೆ ಮಾಡಲು ಹೋಗದೆ, ಇಡೀ ಹೊಂದಿಕೆಯಿಂದ ಎಲ್ಲಕ್ಕೂ ಸಮನಾಗಿ ಕೂಡುವ ಒಂದು ಸ್ಥಿರ ಅಂತರವನ್ನು ಗಣಿತವಾಗಿಯೇ ಅಳಿಸಿಬಿಡಬೇಕು. ಒಮೇಗಾ-ಕೆ ಸೊನ್ನೆಗೆ ತೀರಾ ಹತ್ತಿರ ಬಂದಾಗ ಸೊನ್ನೆಯನ್ನು ಸೊನ್ನೆಯಿಂದ ಭಾಗಿಸುವ ಫಜೀತಿ ಬರುತ್ತದೆ. ಅಲ್ಲಿ ಸಪಾಟು ಸೂತ್ರಕ್ಕೆ ಜಾರಿಕೊಳ್ಳುವ ಒಂದು ಷರತ್ತು ಹಾಕಿದರಾಯಿತು. ಮ್ಯಾಟ್ರಿಕ್ಸಿನ ಚೋಲೆಸ್ಕಿ ವಿಭಜನೆಯನ್ನು ಒಮ್ಮೆ ಮಾಡಿಟ್ಟುಕೊಂಡರೆ ಎಂಸಿಎಂಸಿಯ (ಯಾದೃಚ್ಛಿಕ ಹೆಜ್ಜೆಗಳ ಸರಪಳಿಯಿಂದ ಉತ್ತರದ ಹರಡಿಕೆ ಹುಡುಕುವ ವಿಧಾನದ) ಪ್ರತಿ ಹೆಜ್ಜೆಯಲ್ಲೂ ಇನ್ವರ್ಸ್ ಮಾಡುವ ಅಗತ್ಯವಿಲ್ಲ. ಇಡೀ ರಾತ್ರಿಯ ಕೆಲಸ ಊಟದ ಹೊತ್ತಿನೊಳಗೆ ಮುಗಿಯುತ್ತದೆ.

ಏಪ್ರಿಲಿನ ಒಂದು ಸಂಜೆ ಗುಡುಗು ಸಿಡಿಲು ಬಂದು ಕರೆಂಟ್ ಹೋಯಿತು, ಯುಪಿಎಸ್ ಇಪ್ಪತ್ತು ನಿಮಿಷ ಎಳೆದು ಕೈಚೆಲ್ಲಿತು. ಸರಪಳಿಯನ್ನು ಕೊನೆಯಲ್ಲಿ ಮಾತ್ರ ಉಳಿಸುವ ಹಾಗೆ ಬರೆದಿದ್ದರಿಂದ 32 ವಾಕರ್‌ಗಳ (ಜೊತೆಜೊತೆಗೆ ಓಡುವ ಸರಪಳಿಗಳ) ಅಷ್ಟೂ ಹೆಜ್ಜೆ ನೀರುಪಾಲು. ಅಂದಿನಿಂದ ಪ್ರತಿ ನೂರು ಹೆಜ್ಜೆಗೆ ಡಿಸ್ಕಿಗೆ ಬರೆಯುವ ರೂಢಿ ಬಂತು. ಕರಾವಳಿಯಲ್ಲಿ ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗೆ ಇದನ್ನು ಯಾರೂ ಹೇಳಿಸಿಕೊಳ್ಳಬಾರದು.

ಸೂಪರ್‌ನೋವಾದಿಂದ ಬಂದ ಉತ್ತರ ಪ್ರಕಟಿತ ಉತ್ತರಕ್ಕೆ ಹೊಂದಿತು: ದ್ರವ್ಯದ ಪಾಲು 0.306, ದೋಷ 0.057, ಹಿಗ್ಗುವಿಕೆಯನ್ನು ಚುರುಕುಗೊಳಿಸುವ ಕತ್ತಲ ಶಕ್ತಿಯ ಪಾಲು 0.625, ದೋಷ 0.084. ಎರಡನ್ನೂ ಒಂದರಿಂದ ಕಳೆದರೆ ಒಮೇಗಾ-ಕೆ 0.07. ಅದರ ದೋಷವನ್ನು ವಿದ್ಯಾರ್ಥಿ ಎರಡು ದೋಷಗಳ ವರ್ಗ ಕೂಡಿಸಿ ಮೂಲ ತೆಗೆದು 0.10 ಎಂದು ಬರೆದ. ಆದರೆ ಆ ಎರಡು ಪಾಲುಗಳು ಜೋಡಿ ಎತ್ತುಗಳ ಹಾಗೆ: ಒಂದು ಏರಿದರೆ ಇನ್ನೊಂದೂ ಏರುತ್ತದೆ. ಸರಪಳಿಯ ಪ್ರತಿ ಕೊಂಡಿಯಲ್ಲೂ ಒಮೇಗಾ-ಕೆ ಲೆಕ್ಕ ಹಾಕಿ ಹರಡಿಕೆ ನೋಡಿದಾಗ ದೋಷ 0.14ರ ಹತ್ತಿರ ಬಂತು.

ಇದು ಸರಿಯಾದ ಉತ್ತರ. ಆದರೆ ಪ್ಲಾಂಕಿನ −0.044ರ ಬಗ್ಗೆ ತುಟಿ ಬಿಚ್ಚಲು ಸಾಲದಷ್ಟು ಅಗಲ. ಎರರ್ ಬಾರನ್ನು ಕಿರಿದು ಮಾಡಲೇಬೇಕು ಎಂಬ ತೀರ್ಮಾನ ಇಲ್ಲಿ ಆಯಿತು. ಮುಂದಿನ ಎರಡೂ ತಪ್ಪುಗಳ ಬೇರು ಈ ತೀರ್ಮಾನದಲ್ಲಿದೆ.

ಮೊದಲ ತಪ್ಪು: ಬಾಗಿದ ವಿಶ್ವ

ಎರಡನೆಯ ದತ್ತಾಂಶವಾಗಿ ಆರಿಸಿದ್ದು ವಿಶ್ವ ಗಡಿಯಾರಗಳನ್ನು. ಸುಮ್ಮನೆ ಮುದಿಯಾಗುತ್ತಿರುವ ಗೆಲಾಕ್ಸಿಗಳ ವಯಸ್ಸಿನ ವ್ಯತ್ಯಾಸದಿಂದ ಆಯಾ ಕಾಲದ ಹಿಗ್ಗುವಿಕೆಯ ದರವನ್ನು ನೇರವಾಗಿ ಪಡೆಯುವ ಉಪಾಯ ಇದು; ರಾವುಲ್ ಹಿಮೆನೆಜ್ ಮತ್ತು ಅವಿ ಲೋಬ್ 2002ರಲ್ಲಿ ಸೂಚಿಸಿದ್ದು. ಮೂವತ್ತು ಚಿಲ್ಲರೆ ಬಿಂದುಗಳಿವೆ. ಅತಿ ದೂರದ್ದು ಕೆಂಪು ಪಲ್ಲಟ 1.965ರಲ್ಲಿ: ದರ 186.5 (ಪ್ರತಿ ಮೆಗಾಪಾರ್ಸೆಕ್‌ಗೆ ಸೆಕೆಂಡಿಗೆ ಇಷ್ಟು ಕಿ.ಮೀ.), ದೋಷ 50.4. ನಿಖರತೆ ಎಷ್ಟು ಒರಟು ಎಂದು ಇದೊಂದೇ ಹೇಳುತ್ತದೆ.

ಉಪಾಯದ ಆಕರ್ಷಣೆ ಬೇರೆ ಕಡೆ ಇದೆ. ಹಿಗ್ಗುವಿಕೆಯ ದರದ ವ್ಯುತ್ಕ್ರಮವನ್ನು ಕೂಡಿಸುತ್ತಾ ಹೋದರೆ ಬೆಳಕಿನ ದಾರಿಯ ಉದ್ದ ಸಿಗುತ್ತದೆ, ಅದರಲ್ಲಿ ವಕ್ರತೆಯ ಸೈನ್ ಇಲ್ಲ. ಸೂಪರ್‌ನೋವಾ ಕೊಡುವ ದೂರದಲ್ಲಿ ಸೈನ್ ಇದೆ. ಎರಡನ್ನು ಎದುರುಬದುರು ಇಟ್ಟರೆ ಉಳಿಯುವುದು ವಕ್ರತೆ ಒಂದೇ. ಕತ್ತಲ ಶಕ್ತಿ ಏನು ಎಂದು ಕೇಳುವ ಅಗತ್ಯವೇ ಇಲ್ಲ. ದೂರದ ಇಳಿಜಾರನ್ನು ತೆಗೆದುಕೊಂಡು ಮಾಡುವ ಇನ್ನೊಂದು ವಿಧಾನವೂ ಇದೆ, ಮೊದಲು ಅದನ್ನೇ ನೋಡಿದರು. ಗದ್ದಲದ ದತ್ತಾಂಶದ ಇಳಿಜಾರು ತೆಗೆದರೆ ಗದ್ದಲವೇ ಬರುತ್ತದೆ, ಜೊತೆಗೆ ಛೇದದಲ್ಲಿ ದೂರದ ವರ್ಗ ಇರುವುದರಿಂದ ಹತ್ತಿರದ ಬಿಂದುಗಳಲ್ಲಿ ಉತ್ತರ ಸಿಡಿಯುತ್ತದೆ. ಎರಡು ದಿನದಲ್ಲಿ ಕೈಬಿಟ್ಟದ್ದು ಒಳ್ಳೆಯದಾಯಿತು.

ಬಿಂದುಗಳ ನಡುವೆ ನುಣುಪು ರೇಖೆ ಎಳೆಯಲು ಗಾಸಿಯನ್ ಪ್ರೋಸೆಸ್, ಕೂಡಿಸಲು ಟ್ರೆಪಿಜಾಯ್ಡ್ ನಿಯಮ. ಸೂಪರ್‌ನೋವಾದ ನಿಜ ಪ್ರಕಾಶವನ್ನು −19.25 ಎಂದು ಸೆಫೀಡ್ ಎಂಬ ಮಿಡಿಯುವ ನಕ್ಷತ್ರಗಳ ಅಳತೆಯಿಂದ ತಂದು ಕೂರಿಸಿದರು, ಒಂದು ಅಜ್ಞಾತ ಕಡಿಮೆಯಾಗಲಿ ಎಂದು. ಓಡಿಸಿದಾಗ ಒಮೇಗಾ-ಕೆ −0.7ರ ಆಸುಪಾಸು, ದೋಷ 0.1. ಏಳು ಸಿಗ್ಮಾ, ಅಂದರೆ ದೋಷದ ಏಳು ಪಟ್ಟು, ಮುಚ್ಚಿದ ವಿಶ್ವ.

ಇಂಥ ಉತ್ತರವನ್ನು ಯಾರೂ ನಂಬುವುದಿಲ್ಲ. ಆ ಅನುಮಾನವೇ ಈ ತಪ್ಪಿನ ಅದೃಷ್ಟ.

ಮೊದಲ ಎಳೆ ಎರರ್ ಬಾರಿನದು. ವಿದ್ಯಾರ್ಥಿ ಸಮಾಕಲನದ ಹೆಜ್ಜೆಗಳನ್ನು 200ರಿಂದ 800ಕ್ಕೆ ಏರಿಸಿ, ಲೆಕ್ಕ ಇನ್ನೂ ನಿಖರವಾಯಿತೆಂದು ತೋರಿಸಲು ಬಂದ.

"ಎರರ್ ಸರೀ ಅರ್ಧ ಆಯ್ತು ಮೇಡಂ."

"ಅರ್ಧ ಆಗ್ಲಿಕ್ಕೆ ಎಂತ ಕಾರಣ? ನಿನ್ನೆ ರಾತ್ರಿ ಹೊಸ ಗೆಲಾಕ್ಸಿ ಎಂತಾದ್ರೂ ನೋಡಿದ್ದೀಯಾ?"

ಹೆಜ್ಜೆ ನಾಲ್ಕು ಪಟ್ಟಾದಾಗ ದೋಷ ಅರ್ಧವಾದರೆ, ಅದು ನಾಲ್ಕರ ವರ್ಗಮೂಲ. ಅಂದರೆ ನುಣುಪು ರೇಖೆಯ ಮೇಲಿನ ಪ್ರತಿ ಬಿಂದುವನ್ನೂ ಪ್ರೋಗ್ರಾಂ ಸ್ವತಂತ್ರ ಅಳತೆ ಎಂದು ಎಣಿಸುತ್ತಿತ್ತು. ರೇಖೆಯ ಅಕ್ಕಪಕ್ಕದ ಬಿಂದುಗಳು ಒಂದೇ ಮೂವತ್ತು ಅಳತೆಗಳಿಂದ ಹುಟ್ಟಿದವು. ಒಂದು ಮೇಲೆ ಹೋದರೆ ಪಕ್ಕದ್ದೂ ಹೋಗುತ್ತದೆ. ಸರಿಯಾದ ದಾರಿ: ಗಾಸಿಯನ್ ಪ್ರೋಸೆಸ್‌ನಿಂದ ಇಡೀ ರೇಖೆಗಳನ್ನೇ ಸಾವಿರಾರು ಸಲ ಎತ್ತಿಕೊಂಡು, ಒಂದೊಂದನ್ನೂ ಪೂರ್ತಿ ಕೂಡಿಸಿ, ಆಮೇಲೆ ಉತ್ತರಗಳ ಹರಡಿಕೆ ನೋಡುವುದು. ಆಗ ಹೆಜ್ಜೆ 200 ಇದ್ದರೂ 800 ಇದ್ದರೂ ದೋಷ ಕದಲುವುದಿಲ್ಲ.

ಎರರ್ ಬಾರ್ ಹಿಗ್ಗಿತು. ನಡುವಿನ ಮೌಲ್ಯ ಮಾತ್ರ ಋಣದಲ್ಲೇ ನಿಂತಿತ್ತು. ಇಲ್ಲಿ ಅಣಕು ದತ್ತಾಂಶ ತಯಾರಿಸಿದರು: ಸಪಾಟು ವಿಶ್ವವೊಂದನ್ನು ಊಹಿಸಿ, ಅದೇ 1590 ಕೆಂಪು ಪಲ್ಲಟಗಳಿಗೆ ಪ್ರಕಾಶ ಲೆಕ್ಕ ಹಾಕಿ, ಚೋಲೆಸ್ಕಿ ಮ್ಯಾಟ್ರಿಕ್ಸಿಗೆ ಯಾದೃಚ್ಛಿಕ ಸಂಖ್ಯೆಗಳನ್ನು ಗುಣಿಸಿ ಗದ್ದಲ ಬೆರೆಸುವುದು, ಗಡಿಯಾರಗಳಿಗೂ ಹಾಗೆಯೇ. ಇಂಥ ನೂರು ಸುಳ್ಳು ವಿಶ್ವಗಳಲ್ಲಿ ಸುಮಾರು 68ರಲ್ಲಿ ಸರಿಯುತ್ತರ ಒಂದು ಸಿಗ್ಮಾದೊಳಗೆ ಸಿಗಬೇಕು. ಸಿಕ್ಕಿತು. ಸಲಕರಣೆ ಸರಿ ಇದೆ, ಹಾಗಾದರೆ ನಿಜವಾದ ವಿಶ್ವ ಬಾಗಿದೆಯೇ?

ಅಣಕು ದತ್ತಾಂಶಕ್ಕೆ ಒಂದು ಮಿತಿಯಿದೆ. ಅದನ್ನು ಮಾಡುವಾಗ ಸೂಪರ್‌ನೋವಾಕ್ಕೂ ಗಡಿಯಾರಕ್ಕೂ ಒಂದೇ ಹಬಲ್ ಸ್ಥಿರಾಂಕ ಕೊಟ್ಟಿದ್ದರು. ನಿಜ ದತ್ತಾಂಶದಲ್ಲಿ ಹಾಗಿರಲಿಲ್ಲ. −19.25 ಎಂಬ ಪ್ರಕಾಶದ ಹೊಟ್ಟೆಯಲ್ಲಿ 73ರ ಹಬಲ್ ಸ್ಥಿರಾಂಕ ಇದೆ; ಗಡಿಯಾರಗಳ ರೇಖೆ ಕೆಂಪು ಪಲ್ಲಟ ಸೊನ್ನೆಯಲ್ಲಿ ಬಂದು ಮುಟ್ಟಿದ್ದು 68ರ ಹತ್ತಿರ. ವ್ಯತ್ಯಾಸ 0.15 ಮ್ಯಾಗ್ನಿಟ್ಯೂಡ್. ತಯಾರಿಸಿದವರಿಗೇ ಗೊತ್ತಿಲ್ಲದ ತಪ್ಪನ್ನು ಅಣಕು ದತ್ತಾಂಶ ತೋರಿಸಲಾರದು.

ತೋರಿಸಿದ್ದು ಮಾನಿಟರಿನ ಚೀಟಿ. ದತ್ತಾಂಶವನ್ನು ಕೆಂಪು ಪಲ್ಲಟದ ತುಂಡುಗಳಾಗಿ ಮಾಡಿ ಪ್ರತಿ ತುಂಡಿಗೂ ಬೇರೆ ಬೇರೆ ಒಮೇಗಾ-ಕೆ ತೆಗೆಯಲು ವಿದ್ಯಾರ್ಥಿನಿ ಹೊರಟಳು. 0.5ರ ಸುತ್ತ −2. 1ರ ಸುತ್ತ −0.7. 2ರ ಕಡೆಗೆ −0.3. ವಕ್ರತೆ ನಿಜವಾಗಿದ್ದರೆ ಎಲ್ಲ ತುಂಡುಗಳಲ್ಲೂ ಒಂದೇ ಸಂಖ್ಯೆ ಬರಬೇಕು. ಚೀಟಿಯ ಅಂಕೆಗಳಿಂದ ಗುಣಿಸಿ ನೋಡಿದಳು: 0.5ರಲ್ಲಿ 0.007ರ ಇಪ್ಪತ್ತು ಪಟ್ಟು, 1ರಲ್ಲಿ 0.021ರ ಏಳು ಪಟ್ಟು, 2ರಲ್ಲಿ 0.052ರ ಮೂರು ಪಟ್ಟು. ಮೂರೂ 0.15ರ ಹತ್ತಿರ. ಎಲ್ಲ ದೂರಕ್ಕೂ ಒಂದೇ ಅಳತೆಯ ವ್ಯತ್ಯಾಸ ಎಂದರೆ ಅದು ಬಾಗು ಅಲ್ಲ, ದೀಪದ ನಿಜ ಪ್ರಕಾಶಕ್ಕೆ ಹಚ್ಚಿದ ತಪ್ಪು ಲೇಬಲ್. ಮಲ್ಪೆಯ ಲೆಕ್ಕದಲ್ಲಿ ಹೇಳುವುದಾದರೆ, ಹತ್ತಿರದ ದ್ವೀಪವೂ ದೂರದ ಬೋಟೂ ಅಷ್ಟಕ್ಕಷ್ಟೇ ಮುಳುಗಿ ಕಂಡರೆ ಭೂಮಿಯನ್ನು ದೂರಬಾರದು, ನಿಂತ ನೆಲದ ಎತ್ತರ ನೋಡಬೇಕು.

ನಿಜ ಪ್ರಕಾಶವನ್ನು ಮೊದಲಿನ ಹಾಗೆ ಅಳಿಸಿಹಾಕಿದ ಮೇಲೆ ಒಮೇಗಾ-ಕೆ ಸೊನ್ನೆಯನ್ನು ಆರಾಮವಾಗಿ ಒಳಗೊಂಡಿತು. ದೋಷ ಸೂಪರ್‌ನೋವಾ ಒಂದೇ ಇದ್ದಾಗಿನದಕ್ಕಿಂತ ಹೆಚ್ಚು ಅಗಲ. ಕತ್ತಲ ಶಕ್ತಿಯ ಬಗ್ಗೆ ಏನನ್ನೂ ಊಹಿಸದೆ ಪಡೆದ ಉತ್ತರಕ್ಕೆ ತೆರಬೇಕಾದ ಬೆಲೆ ಅದು, ನ್ಯಾಯವಾದದ್ದೇ. ಆದರೆ ಇಬ್ಬರಿಗೂ ಮನಸ್ಸಿಗೆ ಬರಲಿಲ್ಲ.

ಎರಡನೆಯ ತಪ್ಪು: ಸಪಾಟು ವಿಶ್ವ

ಎರರ್ ಬಾರ್ ಕಿರಿದಾಗಲೆಂದು ಮುಂದೆ ಕ್ವೇಸಾರ್‌ಗಳನ್ನು, ಅಂದರೆ ದೈತ್ಯ ಕಪ್ಪು ಕುಳಿಗಳ ಸುತ್ತ ಪ್ರಜ್ವಲಿಸುವ ಗೆಲಾಕ್ಸಿ ಕೇಂದ್ರಗಳನ್ನು, ಸೇರಿಸಿದರು. ಅವುಗಳ ಸೆಳೆತ ಅರ್ಥವಾಗುವಂಥದ್ದು. ಗ್ವಿಡೋ ರಿಸಾಲಿಟಿ ಮತ್ತು ಎಲಿಸಾಬೆತ್ತಾ ಲುಸ್ಸೋ ಬೆಳೆಸಿದ ವಿಧಾನದಲ್ಲಿ ಕ್ವೇಸಾರ್‌ನ ಎಕ್ಸ್-ರೇ ಪ್ರಕಾಶ ಮತ್ತು ನೇರಳಾತೀತ ಪ್ರಕಾಶದ ಲಾಗ್‌ಗಳ ನಡುವೆ ಸರಳರೇಖೆಯ ಸಂಬಂಧ ಇದೆ, ಇಳಿಜಾರು ಸುಮಾರು 0.6. ಇಳಿಜಾರು ಒಂದಲ್ಲದ ಕಾರಣ ಎರಡು ಬಣ್ಣಗಳ ಹೊಳಪಿನಿಂದ ದೂರ ಹೊರಡುತ್ತದೆ. 2020ರ ಪಟ್ಟಿಯಲ್ಲಿ 2421 ಕ್ವೇಸಾರ್‌ಗಳು, ಕೆಂಪು ಪಲ್ಲಟ 7.5ರವರೆಗೆ. ಸೂಪರ್‌ನೋವಾ ಮುಟ್ಟಲಾಗದ ದೂರ.

ಚದುರುವಿಕೆಯ ಲೆಕ್ಕವನ್ನು ಮೊದಲೇ ಮಾಡಿದ್ದರೆ ಉತ್ಸಾಹ ಇಳಿಯುತ್ತಿತ್ತು. ಸಂಬಂಧದ ಚದುರುವಿಕೆ ಹತ್ತರ ಲಾಗ್‌ನಲ್ಲಿ ಸುಮಾರು 0.2. ದೂರಕ್ಕೆ ಬದಲಾಯಿಸುವಾಗ ಅದನ್ನು 0.8ರಿಂದ ಭಾಗಿಸಬೇಕು, 0.25 ಆಯಿತು, ಮ್ಯಾಗ್ನಿಟ್ಯೂಡಿಗೆ ಐದರಿಂದ ಗುಣಿಸಿದರೆ 1.25. ಸೂಪರ್‌ನೋವಾದ 0.15ರ ಎದುರು ಎಂಟು ಪಟ್ಟಿಗೂ ಹೆಚ್ಚು. ವರ್ಗ ಮಾಡಿದರೆ ಸುಮಾರು 69 ಕ್ವೇಸಾರ್‌ಗಳು ಸೇರಿ ಒಂದು ಸೂಪರ್‌ನೋವಾಕ್ಕೆ ಸಮ. 2421 ಎಂದರೆ 35 ಸೂಪರ್‌ನೋವಾ. ದೂರದ್ದಾದ್ದರಿಂದ ಅವಕ್ಕೆ ಬೆಲೆ ಇದೆ ಎಂಬುದು ನಿಜ, ಆದರೆ ಅವುಗಳಿಂದ ಎರರ್ ಬಾರ್ ಹಠಾತ್ತನೆ ಕುಗ್ಗಿದರೆ ಆ ನಿಖರತೆ ಎಲ್ಲಿಂದ ಬಂತು ಎಂದು ಕೇಳಲೇಬೇಕು.

ಕುಗ್ಗಿತು. ಒಮೇಗಾ-ಕೆ ಸೊನ್ನೆಗೆ ಅಂಟಿಕೊಂಡು ಬಂತು, ದೋಷ 0.05ರ ಒಳಗೆ. ಯಾರೂ ಪ್ರಶ್ನೆ ಕೇಳಲಿಲ್ಲ. ಪ್ಲಾಂಕ್ ಮತ್ತು ಬೇರಿಯಾನ್ ಆಂದೋಲನದ ಜೋಡಿ ಹೇಳಿದ್ದೂ ಸೊನ್ನೆ, ಪಠ್ಯಪುಸ್ತಕ ಹೇಳುವುದೂ ಸೊನ್ನೆ. ಮಾರ್ಗದರ್ಶಕಿಯೂ ಕರಡಿನ ಆ ಅಧ್ಯಾಯದಲ್ಲಿ ಕಾಗುಣಿತ ಮಾತ್ರ ತಿದ್ದಿದರು.

ಐದು ವಾರದ ಬಳಿಕ, ಜೂನಿನ ಮಳೆ ಹಿಡಿದ ಮೇಲೆ, ವಿಭಾಗದ ಸೆಮಿನಾರಿನಲ್ಲಿ ಮೊದಲ ವರ್ಷದ ಹುಡುಗನೊಬ್ಬ ಕೇಳಿದ:

"ಅಕ್ಕ, ನಿಮ್ಮ ಪ್ರೋಗ್ರಾಮಿಗೆ ಬಾಗಿದ ವಿಶ್ವವನ್ನೇ ಹಾಕಿದ್ರೆ ಅದು ಎಂತ ಕೊಡ್ತದೆ?"

ಗೊತ್ತಿರಲಿಲ್ಲ. ಮೊದಲ ತಪ್ಪಿನ ಸಮಯದಲ್ಲಿ ಅಣಕು ದತ್ತಾಂಶ ಮಾಡಿದ್ದ ಅದೇ ಇಬ್ಬರು, ಇಷ್ಟವಾದ ಉತ್ತರ ಬಂದಾಗ ಅದನ್ನು ಮಾಡಿರಲಿಲ್ಲ. ಅಂದು ಸಂಜೆಯೇ ಒಮೇಗಾ-ಕೆ +0.3ರ ಸುಳ್ಳು ವಿಶ್ವವೊಂದನ್ನು ತಯಾರಿಸಿ ಓಡಿಸಿದರು. ಉತ್ತರ ಸೊನ್ನೆ. −0.3 ಹಾಕಿದರೂ ಸೊನ್ನೆ. ಏನು ಹಾಕಿದರೂ ಸೊನ್ನೆ ಕೊಡುವ ಯಂತ್ರವೊಂದನ್ನು ಕಟ್ಟಿಟ್ಟಿದ್ದರು.

ಕಾರಣ ಹುಡುಕಲು ಎರಡು ದಿನ ಹಿಡಿಯಿತು. ಸಂಬಂಧದ ಇಳಿಜಾರು ಕಾಲಕ್ಕೆ ತಕ್ಕಂತೆ ಬದಲಾಗುತ್ತದೆಯೇ ಎಂದು ನೋಡಲು ಕ್ವೇಸಾರ್‌ಗಳನ್ನು ಕಿರಿದಾದ ಕೆಂಪು ಪಲ್ಲಟದ ತುಂಡುಗಳಾಗಿ ಮಾಡಿದ್ದರು. ಅದು ಮಾಡಲೇಬೇಕಾದ ಪರೀಕ್ಷೆ. ಅದಕ್ಕೆ ಬೇಕಾದ ನಿಜ ಪ್ರಕಾಶಗಳನ್ನು ಹೊಳಪಿನಿಂದ ಪಡೆಯಲು ದೂರ ಬೇಕು. ಆ ದೂರವನ್ನು ದ್ರವ್ಯದ ಪಾಲು 0.3, ಹಬಲ್ ಸ್ಥಿರಾಂಕ 70 ಇರುವ ಸಪಾಟು ವಿಶ್ವದಿಂದ ತೆಗೆದುಕೊಂಡಿದ್ದರು. ಪಟ್ಟಿಗಳಲ್ಲಿ ಎಲ್ಲೆಲ್ಲೂ ಕಾಣುವ ರೂಢಿ ಇದು, ಪರೀಕ್ಷೆಯ ಮಟ್ಟಿಗೆ ತೊಂದರೆಯೂ ಇಲ್ಲ. ತಪ್ಪಿದ್ದು ಮುಂದಿನ ಹೆಜ್ಜೆ: ಪ್ರತಿ ತುಂಡಿನಲ್ಲಿ ಸಿಕ್ಕ ಸರಳರೇಖೆಯ ಸ್ಥಿರಾಂಕವನ್ನು ಹಾಗೆಯೇ ಎತ್ತಿಕೊಂಡು ದೂರ ಅಳೆಯಲು ಬಳಸಿದರು. ನಿಜ ವಿಶ್ವಕ್ಕೂ ಸಪಾಟು ವಿಶ್ವಕ್ಕೂ ಆ ತುಂಡಿನಲ್ಲಿ ಎಷ್ಟು ದೂರದ ವ್ಯತ್ಯಾಸವಿದೆಯೋ ಅಷ್ಟನ್ನೂ ಆ ಸ್ಥಿರಾಂಕ ಮೊದಲೇ ನುಂಗಿಕೊಂಡಿತ್ತು. ವಾಪಸ್ ಬಂದದ್ದು ತಾವೇ ಒಳಗೆ ಹಾಕಿದ ಸಪಾಟು ದೂರ.

ತಿದ್ದುಪಡಿಗೆ ಎರಡು ದಾರಿ. ಸೂಪರ್‌ನೋವಾ ಮತ್ತು ಕ್ವೇಸಾರ್ ಎರಡೂ ಇರುವ ವ್ಯಾಪ್ತಿಯಲ್ಲಿ ಸೂಪರ್‌ನೋವಾ ದೂರದಿಂದ ಇಳಿಜಾರು ಮತ್ತು ಒಂದೇ ಸ್ಥಿರಾಂಕ ನಿಗದಿ ಮಾಡುವುದು. ಅಥವಾ ಹೊಳಪುಗಳನ್ನು ಮಾತ್ರ ಒಳಗೆ ಹಾಕಿ, ಇಳಿಜಾರು, ಸ್ಥಿರಾಂಕ, ಚದುರುವಿಕೆ, ವಕ್ರತೆ ಎಲ್ಲವನ್ನೂ ಒಟ್ಟಿಗೇ ಹೊಂದಿಸುವುದು. ಎರಡನೆಯದನ್ನು ಆರಿಸಿದರು. ಅಣಕು ವಿಶ್ವದ +0.3 ಈಗ +0.3ರ ಸುತ್ತಲೇ ಬಂತು, ದೋಷ ಮಾತ್ರ ದೊಡ್ಡದು. ನಿಜ ದತ್ತಾಂಶದಲ್ಲಿ ಹತ್ತಿರದ ಅರ್ಧ ಮತ್ತು ದೂರದ ಅರ್ಧ ಬೇರೆ ಬೇರೆ ಇಳಿಜಾರು ಕೇಳಿದವು. ಇದೇ 2421ರ ಪಟ್ಟಿಯ ಬಗ್ಗೆ ನಾರಾಯಣ್ ಖಡ್ಕಾ ಮತ್ತು ಭರತ್ ರಾತ್ರಾ ಇಂಥದೇ ಆಕ್ಷೇಪ ಎತ್ತಿದ್ದಾರೆ: ಸಂಬಂಧ ಮಾದರಿಯಿಂದ ಮಾದರಿಗೆ, ಕೆಂಪು ಪಲ್ಲಟದಿಂದ ಕೆಂಪು ಪಲ್ಲಟಕ್ಕೆ ಬದಲಾಗುತ್ತದೆ, ಪ್ರಮಾಣ ದೀಪವಾಗಿ ಬಳಸಲು ಬರುವುದಿಲ್ಲ.

ಸಲ್ಲಿಕೆಗೆ ಹನ್ನೊಂದು ದಿನ ಉಳಿದಿತ್ತು. ಕ್ವೇಸಾರ್ ಅಧ್ಯಾಯವನ್ನು ತೆಗೆದೇಬಿಡುವುದೋ, ತಪ್ಪಿನ ಸಮೇತ ಇಡುವುದೋ ಎಂಬ ಚರ್ಚೆ ನಡೆಯಿತು. ತೆಗೆದರೆ ಪ್ರಬಂಧ ಚೊಕ್ಕಟವಾಗುತ್ತದೆ, ಹೊರಗಿನ ಪರೀಕ್ಷಕರಿಗೆ ಏನೂ ತಿಳಿಯುವುದಿಲ್ಲ. ಕೊನೆಗೆ ಅದು ಅನುಬಂಧಕ್ಕೆ ಹೋಯಿತು: ಹಾಕಿದ ವಕ್ರತೆ ಒಂದು ಅಕ್ಷ, ಬಂದ ವಕ್ರತೆ ಇನ್ನೊಂದು ಅಕ್ಷ, ಹಳೆಯ ವಿಧಾನದ ಬಿಂದುಗಳೆಲ್ಲ ಸೊನ್ನೆಯ ಗೆರೆಯ ಮೇಲೆ ಸಾಲಾಗಿ ಮಲಗಿರುವ ಒಂದು ಗ್ರಾಫಿನ ಸಮೇತ. ಮುಖ್ಯ ಉತ್ತರವಾಗಿ ಉಳಿದದ್ದು ಸೂಪರ್‌ನೋವಾದ 0.07, ದೋಷ 0.14. ಪ್ಲಾಂಕ್ ಜೋಡಿಯ 0.0019ರ ಎದುರು ಎಪ್ಪತ್ತು ಪಟ್ಟಿಗೂ ಹೆಚ್ಚು ಅಗಲ. ಕಾರಣವೂ ಪ್ರಬಂಧದಲ್ಲಿದೆ: ಹಿನ್ನೆಲೆ ವಿಕಿರಣ ಹೊರಟದ್ದು ಕೆಂಪು ಪಲ್ಲಟ 1090ರ ಸುತ್ತ, ಅದರ ಎದುರು 2.26 ಎಂದರೆ ಮಲ್ಪೆಯಿಂದ ಕಾಣುವ ದ್ವೀಪ.

ವೈವಾದಲ್ಲಿ ಪರೀಕ್ಷಕರು ಅರ್ಧ ಹೊತ್ತು ಅನುಬಂಧದ ಆ ಗ್ರಾಫಿನ ಬಗ್ಗೆಯೇ ಕೇಳಿದರು.

ಈಗ ಆ ವಿಭಾಗದಲ್ಲಿ ಇಂಥ ಪ್ರಾಜೆಕ್ಟ್ ತೆಗೆದುಕೊಳ್ಳುವವರಿಗೆ ನಿಜ ದತ್ತಾಂಶಕ್ಕೂ ಮೊದಲು ಒಂದು ಫೋಲ್ಡರ್ ಕೊಡುತ್ತಾರೆ. ಒಳಗೆ ಮೂರು ಸುಳ್ಳು ವಿಶ್ವಗಳು. ಒಂದರಲ್ಲಿ ಸೂಪರ್‌ನೋವಾ ಮತ್ತು ಗಡಿಯಾರಗಳ ಹಬಲ್ ಸ್ಥಿರಾಂಕ ಬೇಕೆಂದೇ ಬೇರೆ ಮಾಡಿಟ್ಟಿದೆ. ಮೂರರ ಒಮೇಗಾ-ಕೆ ಎಷ್ಟೆಂದು ಬರೆದ ಕಾಗದ ಲಕೋಟೆಯಲ್ಲಿ, ಲಕೋಟೆ ಮಾರ್ಗದರ್ಶಕಿಯ ಮೇಜಿನ ಡ್ರಾಯರಿನಲ್ಲಿ. ಮೂರೂ ಉತ್ತರಗಳನ್ನು ಎರರ್ ಬಾರ್ ಸಮೇತ ಬರೆದು ಸಹಿ ಹಾಕಿ ಕೊಟ್ಟ ಮೇಲೆ ಲಕೋಟೆ ತೆರೆಯುತ್ತಾರೆ.